ಮೂರು ಸ್ಟಾರ್ ಹಾಕಿದ ಶಾಟು

ಓಡಿದೆ.

ಆಫೀಸಿನ ಬೇಸ್‌ಮೆಂಟ್. ಸಾಲು ಸಾಲು ಕಾರು. ಬೆನ್ನ ಹಿಂದೆ ಬೂಟಿನ ಸದ್ದು... ಟಕ್, ಟಕ್, ಟಕ್. ಆ ಕರಿ ಕೋಟಿನ ಮನುಷ್ಯ ಮೂರು ದಿನದಿಂದ ನನ್ನ ಬೆನ್ನು ಬಿಟ್ಟಿರಲಿಲ್ಲ.

ಲಿಫ್ಟಿಗೆ ನುಗ್ಗಿದೆ. ಬಾಗಿಲು ಇನ್ನೇನು ಮುಚ್ಚಬೇಕು...

ಸಂದಿಯಲ್ಲಿ ಒಂದು ಬೂಟು!

"ಕಿರುಚಬೇಡಿ. ಬಾಯಿ ಮುಚ್ಚಿ."

ಲವಂಗದೆಣ್ಣೆಯ ವಾಸನೆ. ಗುರುತು ಹತ್ತಿತು. ಅವರ ಪೈಕಿಯ ಹಲ್ಲಿನ ಡಾಕ್ಟರು! ಜೀವಮಾನದಲ್ಲಿ ಯಾರಿಗಾದರೂ ಬಾಯಿ ಮುಚ್ಚಿ ಅಂದದ್ದು ಇದೇ ಮೊದಲಿರಬೇಕು.

ಅವರು ಅಂದರೆ ಯಾರು ಅಂತೀರಾ? ಕೇಳಿ.

ಶುಕ್ರವಾರ ಒಂದು ಸಿನಿಮಾ ಬಿಡುಗಡೆಯಿತ್ತು. ಕ್ಯಾಥೊಲಿಕ್ ರಹಸ್ಯ ಸಂಘ, ಚಾಟಿ, ರಕ್ತ, ಕೊಲೆ... ಊರಿಗೆ ಊರೇ ಟಿಕೆಟ್ಟಿಗೆ ಮುಗಿಬಿದ್ದಿತ್ತು. ನಮ್ಮ ನ್ಯೂಸ್ ಚಾನೆಲ್ಲಿಗೂ ಅಂಥದ್ದೊಂದು ಸಂಘ ಬೇಕಾಯಿತು. ನಿಜದ್ದು! ಹುಡುಕಿ ಕೊಡುವುದು ನನ್ನ ಕೆಲಸ. ಆಫೀಸಿನಲ್ಲಿ ನನ್ನನ್ನು ಕರೆಯುವುದೇ 'ಮೂಗು' ಅಂತ.

ಮೂಗು ಹುಡುಕಿತು. ಬುಕ್ ಬೈಂಡಿಂಗ್ ಅಂಗಡಿಯ ಮೇಲಿನ ಮನೆ. ಹನ್ನೊಂದು ಜನ. ಪಾದ್ರಿಗಳಲ್ಲ, ಸಿಸ್ಟರುಗಳಲ್ಲ. ಡಾಕ್ಟರು, ಟೀಚರು, ಬಟ್ಟೆ ಹೊಲಿಯುವ ಒಬ್ಬ ಹುಡುಗಿ. ಸಂಘದಲ್ಲಿದ್ದೇನೆ ಅಂತ ಹೊರಗೆ ಹೇಳುವಂತಿಲ್ಲ. ಹೊಸಬರ ಹೆಸರು ಕೇಳುವಂತಿಲ್ಲ. ಬಂದ ಕಾಗದವನ್ನೆಲ್ಲ ಅವರ ಹಿರಿಯಕ್ಕ ಮೊದಲು ಒಡೆದು ಓದುತ್ತಾಳೆ. ಬೆಳಗಾದರೆ ಬರಿ ನೆಲದ ಮೇಲೆ ಒಂದು ಗಂಟೆ ಮಂಡಿಯೂರಿ ಪ್ರಾರ್ಥನೆ. ನನಗಂತೂ ಉಸಿರು ಕಟ್ಟಿತು, ಸುಳ್ಳು ಯಾಕೆ ಹೇಳಲಿ?

ಸೇರುವವಳ ಹಾಗೆ ನಾಟಕ ಆಡಿ ಹೋಗಿದ್ದೆ. ಕೋಟಿನ ಗುಂಡಿಯಲ್ಲಿ ಕ್ಯಾಮೆರಾ ಇತ್ತು.

ಲಿಫ್ಟ್ ಮೇಲೆ ಹೊರಟಿತು.

"ನಿಮ್ಮ ಗುಂಡೀಲಿ ಕ್ಯಾಮೆರಾ ಇದ್ದದ್ದು ನಾನು ಕಂಡಿದ್ದೆ. ಟಿವೀಲಿ ನನ್ನ ಮುಖ ತೋರ್ಸಿ," ಅಂದರು ಡಾಕ್ಟರು. "ಪೇಷಂಟುಗಳು ಹೋದ್ರೆ ಹೋಗ್ಲಿ. ಆ ಹೊಲಿಯೋ ಹುಡುಗಿದು ಮಾತ್ರ ಬೇಡ."

"ಯಾಕೆ, ಅವಳೇನು ಮಹಾರಾಣಿನಾ?"

"ಎಂಟು ತಿಂಗಳ ಹಿಂದೆ ಬಂದಾಗ ಅವಳ ದವಡೆ ಎರಡು ಕಡೆ ಮುರಿದಿತ್ತು. ತಂತಿ ಕಟ್ಟಿದ್ದು ನಾನು. ಮುರಿದೋನು ಗಂಡ. ಇದೇ ಊರಲ್ಲಿದಾನೆ. ಇನ್ನೂ ಹುಡುಕ್ತಿದಾನೆ."

"ಇದನ್ನ ಹೇಳೋಕೆ ಮೂರು ದಿನ ಹಿಂದೆ ಬಿದ್ರಾ?"

"ಹೊರಗಿನೋರ ಹತ್ರ ಮಾತಾಡೋ ಹಾಗಿಲ್ಲ ನಾವು. ಹಿರಿಯಕ್ಕ ಒಪ್ಪಿದ್ದು ಇವತ್ತು."

"ಹೆದರ್ಬೇಡಿ ಡಾಕ್ಟ್ರೇ. ಕಾರ್ಯಕ್ರಮ ಇರೋದು ಶನಿವಾರ. ಅಷ್ಟರಲ್ಲಿ ಎಲ್ಲರ ಮುಖಕ್ಕೂ ಬ್ಲರ್..."

ಕೈಗಡಿಯಾರ ನೋಡಿದೆ.

ಪ್ರೋಮೋ!

ಬ್ಲರ್ ಮಾಡುವುದು ಕಾರ್ಯಕ್ರಮ ಪೂರ್ತಿ ಜೋಡಿಸಿದ ಮೇಲೆ. ಪ್ರೋಮೋ ಕತ್ತರಿಸುವುದು ಅದಕ್ಕೂ ಮೊದಲು, ಶೂಟ್ ಮಾಡಿ ತಂದದ್ದರಿಂದ ನೇರವಾಗಿ. ನಮ್ಮ ಎಡಿಟರ್, 'ಕತ್ತರಿ' ಅನ್ನುತ್ತೇವೆ, ನಾನು ಬರೆದುಕೊಟ್ಟ ಶಾಟ್ ಪಟ್ಟಿ ನೋಡುತ್ತಾನೆ. ಮೂರು ಸ್ಟಾರ್ ಇದ್ದದ್ದನ್ನು ಕಣ್ಣು ಮುಚ್ಚಿ ಎತ್ತಿಕೊಳ್ಳುತ್ತಾನೆ.

ಮೂರು ಸ್ಟಾರ್ ನಾನು ಒಂದೇ ಒಂದು ಶಾಟಿಗೆ ಹಾಕಿದ್ದೆ.

"ಅಕ್ಕಾ, ನಿಮ್ಮ ಗುಂಡಿ ಸಡಿಲ ಆಗಿದೆ, ಬನ್ನಿ ಇಲ್ಲಿ," ಅಂತ ಆ ಹುಡುಗಿ ಸೂಜಿ ದಾರ ತಂದಿದ್ದಳು. ಹೊಲಿದದ್ದು ಕ್ಯಾಮೆರಾ ಇದ್ದ ಗುಂಡಿಯನ್ನೇ! ಹಲ್ಲಿನಿಂದ ದಾರ ಕಡಿದು, ತಲೆ ಎತ್ತಿ ನಕ್ಕಳು. ಕಿಟಕಿಯ ಬೆಳಕು ಪೂರಾ ಮುಖದ ಮೇಲೆ...

ಎಂಥಾ ಶಾಟು ಗೊತ್ತಾ?

ನಾಲ್ಕು ಗಂಟೆಗೆ ಎರಡು ನಿಮಿಷ. ಹೆಡ್‌ಲೈನ್ಸ್ ಆದ ತಕ್ಷಣ ಪ್ರೋಮೋ. ಲಿಫ್ಟಿನ ಬಾಗಿಲು ತೆರೆಯಿತು. ಡಾಕ್ಟರನ್ನು ಎಳೆದುಕೊಂಡೇ ಕಂಟ್ರೋಲ್ ರೂಮಿಗೆ ನುಗ್ಗಿದೆ.

"ನಿಲ್ಸಿ! ಪ್ರೋಮೋ ನಿಲ್ಸಿ!"

ಬಾಸ್ ಕುರ್ಚಿಯಲ್ಲೇ ತಿರುಗಿದರು. "ಏನಮ್ಮ ಮೂಗು, ಮನೆಗೆ ಬೆಂಕಿ ಬಿದ್ದೋರ ಥರ?"

"ಆ ಹುಡುಗಿ ಮುಖ ಹೋಗ್ಬಾರ್ದು ಸಾರ್. ಅವಳ ಗಂಡ ನೋಡ್ತಾನೆ!"

"ಹತ್ತು ಸೆಕೆಂಡು ಕಣಮ್ಮ. ಯಾರು ನೋಡ್ತಾರೆ?"

"ಯಾರೂ ನೋಡಲ್ಲ ಅಂದ್ರೆ ಹಾಕೋದ್ಯಾಕೆ?"

ಉತ್ತರವನ್ನು ಪರದೆ ಕೊಟ್ಟಿತು.

'ನಿಮ್ಮ ಪಕ್ಕದ ಮನೆಯಲ್ಲೇ... ರಹಸ್ಯ ಸಂಘ!' ಢಂ ಅಂತ ಮ್ಯೂಸಿಕ್. ಮೊದಲು ಬೈಂಡಿಂಗ್ ಅಂಗಡಿಯ ಬೋರ್ಡು, ಫೋನ್ ನಂಬರ್ ಸಮೇತ. ಮೇಲಿನ ಮನೆಗೂ ಅದೇ ಫೋನು. ಆಮೇಲೆ ಅವಳು. ಅದೇ ನಗು. ಪರದೆ ತುಂಬ.

ಡಾಕ್ಟರು ಸಂಘದ ಮನೆಗೆ ಫೋನ್ ಮಾಡಿದರು. ಎಂಗೇಜ್. ಮತ್ತೆ ಮಾಡಿದರು. ಎಂಗೇಜ್!

ಕೆಳಗೆ ಅವರ ಕಾರು. ರಾಂಗ್ ಸೈಡು, ಫುಟ್‌ಪಾತು, ಸಿನಿಮಾ ಹಾಲಿನ ಮುಂದಿನ ಕ್ಯೂ... ಹಾರನ್ ಮೇಲಿಂದ ಕೈ ತೆಗೆಯಲಿಲ್ಲ ಆ ಮನುಷ್ಯ. ಕನ್ನಡಿಯಲ್ಲಿ ನೋಡಿದೆ. ಹಿಂದೆ ನಮ್ಮ ಚಾನೆಲ್ಲಿನ ವ್ಯಾನು! ಬಾಸ್‌ಗೆ ವಾಸನೆ ಬಡಿದಿತ್ತು.

ಮೆಟ್ಟಿಲು ಹತ್ತಿದೆವು. ಹುಡುಗಿ ಚೀಲ ಹಿಡಿದು ನಿಂತೇ ಇದ್ದಳು. ಬಂದ ದಿನ ಕಟ್ಟಿದ ಚೀಲವಂತೆ, ಬಿಚ್ಚಿಯೇ ಇರಲಿಲ್ಲ.

"ಫೋನು ಮೂರು ಸಲ ಬಂತು," ಅಂದಳು. "ಮಾತಿಲ್ಲ. ಉಸಿರು ಮಾತ್ರ. ಅವರ ಉಸಿರು ನಂಗೆ ಗೊತ್ತು."

ಹಿರಿಯಕ್ಕ ನನ್ನ ಕಡೆ ನೋಡಲೂ ಇಲ್ಲ. ಡಾಕ್ಟರು ಹಿಂಬಾಗಿಲ ಚಿಲಕ ತೆಗೆದರು. ಹುಡುಗಿ ಹೊಸ್ತಿಲಲ್ಲಿ ತಿರುಗಿದಳು.

"ಗುಂಡಿ ಗಟ್ಟಿಯಾಗಿದ್ಯಾ ಅಕ್ಕಾ?"

ಕುಹಕವಲ್ಲ. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಗುಂಡಿಯೊಳಗೆ ಏನಿತ್ತು ಅಂತ ಅವಳಿಗೆ ಯಾರೂ ಇನ್ನೂ ಹೇಳಿರಲಿಲ್ಲ.

"ಗಟ್ಟಿಯಾಗಿದೆ," ಅಂದೆ.

ನಾನು ಮುಂಬಾಗಿಲಿಗೆ ಬಂದೆ.

ಅವನು ಆಗಲೇ ಅಲ್ಲಿದ್ದ. ಇಸ್ತ್ರಿ ಮಾಡಿದ ಶರಟು, ನೀಟಾಗಿ ಬಾಚಿದ ತಲೆ. ಮೆಲ್ಲಗಿನ ದನಿ.

"ಎಲ್ಲಿ ಅವಳು?"

"ಯಾರು?"

"ದಾರಿ ಬಿಡಮ್ಮ. ನನ್ನ ಹೆಂಡ್ತಿ."

"ಬಿಡಲ್ಲ."

ನನ್ನ ದವಡೆಗೆ ಕೈ ಹಾಕಿ ಗೋಡೆಗೆ ಒತ್ತಿದ. ಎಲ್ಲಿ ಒತ್ತಿದರೆ ನೋಯುತ್ತದೆ ಅಂತ ಗೊತ್ತಿದ್ದ ಕೈ. ಕಣ್ಣಿಗೆ ಕತ್ತಲೆ ಬಂತು...

ಅಷ್ಟರಲ್ಲಿ ಕ್ಯಾಮೆರಾದ ಲೈಟು! ನಮ್ಮವರು ಮೆಟ್ಟಿಲ ಬುಡದಲ್ಲಿದ್ದರು.

"ಲೈವ್ ಬರ್ತಿದೆ!" ಕಿರುಚಿದೆ. ಸುಳ್ಳು. "ಇಡೀ ಊರು ನೋಡ್ತಿದೆ! ಮುಖ ಸರಿಯಾಗಿ ತೋರ್ಸಪ್ಪ!"

ನೋಡಬೇಕಿತ್ತು ನೀವು! ಬೆಂಕಿ ಮುಟ್ಟಿದವನ ಹಾಗೆ ಕೈ ಬಿಟ್ಟ. ಎರಡೂ ಅಂಗೈ ಮುಖಕ್ಕೆ ಮುಚ್ಚಿಕೊಂಡು, ಮೆಟ್ಟಿಲು ಎಡವಿ, ಕ್ಯಾಮೆರಾಮನ್‌ನನ್ನು ತಳ್ಳಿ ಓಡಿದ.

ಹಿಂದೆ ಮನೆ ಖಾಲಿಯಾಗಿತ್ತು. ಹನ್ನೊಂದು ಜನವೂ ಇಲ್ಲ. ಟೇಬಲ್ಲಿನ ಮೇಲೆ ಅರ್ಧ ಹೊಲಿದ ತೋಳು, ಅದರಲ್ಲಿ ಸೂಜಿ. ಅವಳು ಎಲ್ಲಿದ್ದಾಳೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಅವನಿಗೂ ಗೊತ್ತಿಲ್ಲ ಅಂದುಕೊಂಡು ನಿದ್ದೆ ಮಾಡಲು ನೋಡುತ್ತೇನೆ.

ಮರುದಿನ ಆಫೀಸಿನ ಗೇಟು ನನ್ನ ಕಾರ್ಡಿಗೆ ತೆರೆಯಲಿಲ್ಲ. ವಾಪಸು ಬರುವಾಗ ಸಿನಿಮಾ ಹಾಲಿನ ಲಾಬಿಯ ಟಿವಿಯಲ್ಲಿ ಹೊಸ ಪ್ರೋಮೋ ಓಡುತ್ತಿತ್ತು. 'ಹಾಡಹಗಲೇ ಮಾಯವಾದ ರಹಸ್ಯ ಸಂಘ! ಬಾಗಿಲು ಕಾಯುತ್ತಿದ್ದ ಈ ನಿಗೂಢ ಹೆಂಗಸು ಯಾರು?'

ನಮ್ಮ 'ಕತ್ತರಿ' ಕೊನೆಗೂ ಕೆಲಸ ಕಲಿತಿದ್ದ.

ಆ ಗಂಡನ ಮುಖಕ್ಕೂ, ನನ್ನ ಮುಖಕ್ಕೂ, ಅಚ್ಚುಕಟ್ಟಾಗಿ ಬ್ಲರ್ ಹಾಕಿದ್ದ!