ಸಾಲು ತಪ್ಪಿದ ತೆಂಗಿನ ಮರಗಳು

ಕಲ್ಲು ಇರಲಿಲ್ಲ. ಹಳ್ಳದ ದಂಡೆಯಲ್ಲಿ ಮೊಣಕಾಲುದ್ದದ ಒಂದು ಗುಂಡಿ ಮಾತ್ರ ಇತ್ತು.

"ಇಲ್ಲೇ ಇತ್ತು ಕಣಮ್ಮ, ನಮ್ಮಪ್ಪನ ಕಾಲದಿಂದ," ಎಂದರು ಸದಾಶಿವಯ್ಯ. "ಹಟ್ಟಿಯೋರು ಕಿತ್ತೊಯ್ದವ್ರೆ. ಆ ಬೀರೇಶನ ಟ್ರ್ಯಾಕ್ಟರ್ ನಿನ್ನೆ ಸಂಜೆ ಇಲ್ಲೇ ಓಡಾಡ್ತಿತ್ತು."

ಸದಾಶಿವಯ್ಯ ಬೆಣಚಿಕೆರೆ ಊರಿನ ಕೆರೆ ಸಂಘದ ಅಧ್ಯಕ್ಷರು. ದಬ್ಬೇಘಟ್ಟದ ಕಡೆ ಅವರ ಮಾತೆಂದರೆ ಮಾತು. ಅವರೇ ಫೋನ್ ಮಾಡಿ ವನಜಾಕ್ಷಿಯವರನ್ನು ಕರೆಸಿಕೊಂಡಿದ್ದರು. ವನಜಾಕ್ಷಿ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು. ಖಾಕಿ ಬಿಟ್ಟರೂ ಕೆದಕುವುದು ಬಿಟ್ಟಿಲ್ಲ. ನಾನು ಗಂಗಾಧರ್, ತಿಪಟೂರಿನಲ್ಲಿ ಅವರ ಪಕ್ಕದ ಮನೆಯವನು. ಕಾರು ನನ್ನದು, ಪೆಟ್ರೋಲೂ ನನ್ನದು. ಹಾಗಾಗಿ ಸಿಟ್ಟು ಮಾಡಿಕೊಳ್ಳುವ ಹಕ್ಕೂ ನನ್ನದೇ.

ಕಳೆದುಹೋದದ್ದು ಅಂತಿಂಥ ಕಲ್ಲಲ್ಲ. ಹಿಂದೊಮ್ಮೆ ಕೆರೆ ಏರಿ ಒಡೆದಾಗ ನೀರು ಎಲ್ಲಿಯವರೆಗೆ ಏರಿತೋ ಅಲ್ಲಿ ಊರಿನ ಹಿರಿಯರು ನೆಟ್ಟ ಗುರುತು. ಈಗ ಸರ್ಕಾರ ನೆರೆ ಬರುವ ಜಾಗಗಳ ನಕ್ಷೆ ಮಾಡಿಸಿತ್ತು. ನಕ್ಷೆಯಲ್ಲಿ ಹಳ್ಳದ ಈ ಕಡೆಯ ಸದಾಶಿವಯ್ಯನವರ ತೋಟ ಬೆಳ್ಳಗಿತ್ತು. ಆ ಕಡೆಯ ಹಟ್ಟಿ ಪೂರಾ ನೀಲಿ. ನೀಲಿ ಬಳಿದ ಕಡೆ ಯಾರೂ ಮನೆ ಇಟ್ಟುಕೊಳ್ಳುವಂತಿಲ್ಲ. ಮಧ್ಯಾಹ್ನ ಉಪವಿಭಾಗಾಧಿಕಾರಿ ಸಾಹೇಬರು ಬಂದು ಹೂಂ ಅಂದರೆ ಹಟ್ಟಿ ಖಾಲಿ. ಕಲ್ಲು ಹಳ್ಳದ ದಂಡೆಯಲ್ಲೇ ಇತ್ತು ಅಂದರೆ ನೀರು ತೋಟಕ್ಕೆ ಏರಿರಲೇ ಇಲ್ಲ, ನಕ್ಷೆ ಸರಿ ಎಂದಾಗುತ್ತದೆ. ಅದಕ್ಕೇ ಹಟ್ಟಿಯವರು ಕದ್ದರು ಎಂಬುದು ಸದಾಶಿವಯ್ಯನವರ ವಾದ.

ವನಜಾಕ್ಷಿ ಗುಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಒಳಗೆಲ್ಲ ಕೈಯಾಡಿಸಿದರು. ತುಂಡಾದ ಬೇರೊಂದನ್ನು ಬೆರಳಿನಿಂದ ಎಳೆದು ನೋಡಿದರು.

ಬಿಸಿಲು ಏರುತ್ತಿತ್ತು. ಸದಾಶಿವಯ್ಯ ನಮ್ಮನ್ನು ತೋಟದೊಳಗೆ ಕರೆದೊಯ್ದು ಎಳನೀರು ಇಳಿಸಲು ಹೇಳಿದರು. ತೋಟ ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಹಗ್ಗ ಹಿಡಿದು ನೆಟ್ಟ ನೆಟ್ಟನೆಯ ಸಾಲುಗಳು. ಮೇಲ್ಗಡೆ ಮಾತ್ರ ಕುಡುಗೋಲಿನ ಹಾಗೆ ಬಾಗಿದ ಒಂದು ಸಾಲು ಎಲ್ಲಕ್ಕೂ ಅಡ್ಡವಾಗಿ ಬಂದಿತ್ತು. ಮರ ಹತ್ತುವವನು ಅದರಲ್ಲೊಂದಕ್ಕೆ ಕೈ ಹಾಕಿದ.

"ಅದ್ರದ್ದು ಬ್ಯಾಡ ಕಣ್ಲಾ. ಆಚೆ ಮರ ಹತ್ತು," ಎಂದರು ಸದಾಶಿವಯ್ಯ.

ಆ ಮರದಲ್ಲೇ ಗೊನೆಗಳು ತೂಗುತ್ತಿದ್ದವು. ಒಳ್ಳೆಯದನ್ನು ಮಾರಾಟಕ್ಕಿಟ್ಟುಕೊಂಡು ನಮಗೆ ಸಣ್ಣ ಕಾಯಿ ಕೊಡುವ ಜಿಪುಣತನ ಎಂದು ನನಗೆ ಒಳಗೊಳಗೇ ಉರಿಯಿತು. ವನಜಾಕ್ಷಿ ಮಾತ್ರ ಎಳನೀರು ಕೈಯಲ್ಲಿ ಹಿಡಿದು ಆ ಬಾಗಿದ ಸಾಲನ್ನೇ ನೋಡುತ್ತಿದ್ದರು.

ಅಲ್ಲಿಂದ ಹಳ್ಳ ದಾಟಿ ಹಟ್ಟಿಗೆ ಹೋದೆವು. ಬೀರೇಶ ಮನೆಯ ಮುಂದೆ ಟ್ರ್ಯಾಕ್ಟರಿಗೆ ಒರಗಿ ನಿಂತಿದ್ದ. ನಿನ್ನೆ ತೋಟಕ್ಕೆ ಗೊಬ್ಬರ ಹೊಡೆಯಲು ಸದಾಶಿವಯ್ಯನವರೇ ಕರೆದಿದ್ದರಂತೆ. ಕೂಲಿಗೆ ಕರೆದವರೇ ಈಗ ಕಳ್ಳ ಅನ್ನುತ್ತಿದ್ದಾರಲ್ಲ ಎಂದು ಅವನ ಧ್ವನಿ ನಡುಗುತ್ತಿತ್ತು. ಅವನ ತಾಯಿ ಕೊಲ್ಲಾಪುರಮ್ಮ ನಡುಗುವ ಪೈಕಿ ಅಲ್ಲ. ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು.

"ಕಲ್ಲು ನೀವು ನೋಡಿದ್ರಾ?" ಎಂದರು ವನಜಾಕ್ಷಿ.

"ನೋಡೋದೇನು ಬಂತು? ಹುಡುಗಿ ಇದ್ದಾಗ ಕುರಿ ಮೇಯಿಸ್ತಾ ಅದರ ಮ್ಯಾಲೇ ಕೂರ್ತಿದ್ದೆ. ಹಳ್ಳದ ದಂಡೇಲಿ ಅಲ್ಲ ಕಣವ್ವ, ತೋಟದ ಒಳಗೆ, ಮೇಲ್ಗಡೆ. ಬೇಲಿ ಹಾಕಿದ ಮ್ಯಾಲೆ ನಮ್ಮನ್ಯಾರು ಒಳಕ್ಕೆ ಬಿಟ್ಟಾರು?"

"ನಿಮ್ಮ ಮಾತು ಯಾರು ನಂಬ್ತಾರೆ?"

"ನಂಬದಿದ್ರೆ ಬುಡಲಿ. ನಾನು ಇಲ್ಲಿಂದ ಕದಲಾಕಿಲ್ಲ. ಬಣ್ಣ ಬಳಿದ ಕಾಗದ ತೋರ್ಸಿ ಓಡ್ಸೋಕೆ ನಾವೇನು ಕೋಳಿ ಹಿಂಡಾ?"

ವನಜಾಕ್ಷಿ ಆಕೆಯ ಪಕ್ಕ ಕೂತು ಮೆಲ್ಲಗೆ ಇನ್ನೇನೋ ಕೇಳಿದರು. ಉತ್ತರ ಕೇಳಿ ನಕ್ಕರು. ನನಗೆ ಹೇಳಲಿಲ್ಲ, ಹೇಳುವ ಅಭ್ಯಾಸವೂ ಅವರಿಗಿಲ್ಲ.

ನನ್ನ ಅನುಮಾನ ಪೂರಾ ಬಸವಕುಮಾರನ ಮೇಲಿತ್ತು. ನಕ್ಷೆ ಮಾಡಿದ ಗುತ್ತಿಗೆದಾರ ಅವನೇ. ಅರಳಿಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಸಾಹೇಬರಿಗೆ ಕಾಯುತ್ತಿದ್ದ.

"ನಕ್ಷೆಗೆ ಈ ನೆಲದ ಎತ್ತರ ನಿಮಗೆ ಎಲ್ಲಿಂದ ಸಿಕ್ತು?" ಎಂದರು ವನಜಾಕ್ಷಿ.

"ಉಪಗ್ರಹದ ಮಾಹಿತಿ, ಮೇಡಂ. ಪುಕ್ಕಟೆ ಸಿಗುತ್ತೆ."

"ನೆಲದ ಮೇಲೆ ನಿಂತು ಅಳೆದದ್ದು ಇರಲಿಲ್ವಾ?"

"ಇತ್ತು. ಕಾಲುವೆ ಸರ್ವೆಯಲ್ಲಿ ಮಾಡಿದ್ದು. ಎರಡನ್ನೂ ಸಂಘದ ಅಧ್ಯಕ್ಷರಿಗೆ ತೋರಿಸಿದ್ದೆ. ಹಳೇದು ಯಾಕೆ, ಹೊಸದನ್ನೇ ಹಾಕಿ ಅಂದ್ರು. ನಾನೂ ಒಪ್ಪಿದೆ."

"ಉಪಗ್ರಹ ಮೇಲಿಂದ ನೋಡುತ್ತೆ — ಅಲ್ವಾ? ಒತ್ತಾದ ತೆಂಗಿನ ತೋಟದಲ್ಲಿ ಅದಕ್ಕೆ ಕಾಣೋದು ನೆಲವೋ, ಗರಿಯೋ?"

ಬಸವಕುಮಾರ ತೋಟದ ಕಡೆ ನೋಡಿದ. ಆಮೇಲೆ ಪರದೆ ನೋಡಿದ. ಅವನ ಮುಖ ಸಣ್ಣದಾಯಿತು.

"ಗರಿ," ಎಂದ.

ಮರದ ತಲೆಯನ್ನೇ ನೆಲ ಎಂದು ಎಣಿಸಿದ ಮೇಲೆ ತೋಟ ಗುಡ್ಡವಾಗದೆ ಇನ್ನೇನಾದೀತು? ಹಟ್ಟಿಯಲ್ಲಿ ಮರಗಳಿಲ್ಲ, ಅದಕ್ಕೇ ತಗ್ಗಾಗಿ ಕಂಡಿತ್ತು. ಇಷ್ಟು ಸಲೀಸಾಗಿ ಜನರ ಬಾಳು ಮುಳುಗಿಸುತ್ತಾರಲ್ಲ ಎಂದು ನನಗೆ ರೋಷ ಬಂತು. ಹಳೆಯ ಅಳತೆ ತೆಗೆಸಿ ನೋಡಿದರೆ ಲೆಕ್ಕ ತಿರುಗುಮುರುಗು: ಹಟ್ಟಿ ಎತ್ತರ, ತೋಟ ತಗ್ಗು.

ಸಾಹೇಬರು ಬಂದರು. ವನಜಾಕ್ಷಿ ಎಲ್ಲರನ್ನೂ ಮೊದಲು ಗುಂಡಿಯ ಹತ್ತಿರ ನಿಲ್ಲಿಸಿದರು.

"ಈ ಬದಿಯಲ್ಲಿ ಗುದ್ದಲಿಗೆ ತುಂಡಾದ ತೆಂಗಿನ ಬೇರು ಆ ಬದಿಯಲ್ಲಿ ಮುಂದುವರೀತಿದೆ, ನೋಡಿ. ಒಂದಲ್ಲ, ತುಂಬ. ಇಲ್ಲಿ ಕಲ್ಲು ಇದ್ದಿದ್ದರೆ ಬೇರು ಕಲ್ಲಿನೊಳಗೆ ತೂರಿಕೊಂಡು ಹೋಗ್ತಿತ್ತಾ? ಇಲ್ಲಿ ಕಲ್ಲು ಯಾವತ್ತೂ ಇರಲಿಲ್ಲ. ಗುಂಡಿ ತೋಡಿದ್ದು ಮೊನ್ನೆ ಮೊನ್ನೆ."

"ಮತ್ತೆ ಎಲ್ಲಿತ್ತು?" ಎಂದರು ಸಾಹೇಬರು.

ಅವರನ್ನು ತೋಟದೊಳಗೆ, ಆ ಬಾಗಿದ ಸಾಲಿನ ಕೆಳಗೆ ಕರೆದೊಯ್ದು ವನಜಾಕ್ಷಿ ತಿರುಗಿ ನಿಂತರು.

"ಸದಾಶಿವಯ್ಯನವರೇ, ಈ ಮರದ ಎಳನೀರು ನಮಗೆ ಯಾಕೆ ಕೊಡಲಿಲ್ಲ?"

"ಅದು — ದೇವರಿಗೆ."

"ಯಾಕೆ ದೇವರಿಗೆ?"

ಬೇಲಿ ದಾಟಿ ಒಳಗೆ ಬಂದಿದ್ದ ಕೊಲ್ಲಾಪುರಮ್ಮ ಉತ್ತರ ಕೊಟ್ಟಳು.

"ಗಂಗೆ ಮರ ಕಣ್ರೀ ಇವು. ಏರಿ ಒಡೆದಾಗ ತೋಟಗಳಲ್ಲಿ ರಾಶಿ ಹಾಕಿದ್ದ ಕಾಯೆಲ್ಲ ತೇಲ್ಕೊಂಡು ಬಂದು, ನೀರು ನಿಂತ ಕಡೆ ನಿಂತ್ಕೊಂಡ್ವು. ಗಂಗೆ ತಂದ ಕಾಯಿ ಯಾರದು ಅನ್ನೋದು? ಒಡೆಯಂಗಿಲ್ಲ, ತಿನ್ನಂಗಿಲ್ಲ. ಬಿದ್ದಲ್ಲೇ ಮೊಳೀಬೇಕು. ಫಲ ಬಂದ್ರೂ ದೇವ್ರಿಗೇ."

"ಮನುಷ್ಯರು ನೆಟ್ಟದ್ದಾಗಿದ್ದರೆ ಸಾಲು ನೆಟ್ಟಗಿರೋದು," ಎಂದರು ವನಜಾಕ್ಷಿ. "ಇದು ನೀರಿನ ಅಂಚು. ಇಲ್ಲಿಂದ ಹಳ್ಳದವರೆಗೆ ತೋಟ ಪೂರಾ ಮುಳುಗಿತ್ತು. ಕಲ್ಲು ಇದ್ದದ್ದೂ ಈ ಅಂಚಿನಲ್ಲೇ. ಇವರು ಹಳ್ಳ ಒತ್ತಿ ಬದು ಹಾಕಿ ತೋಟ ಬೆಳೆಸಿದ್ದಾರೆ. ನಿಜ ಹೊರಗೆ ಬಂದರೆ ಬದು ಒಡೆದು ಹಳ್ಳ ಬಿಡಿಸಬೇಕು, ದಂಡೆಯ ಮರಗಳು ಹೋಗುತ್ತವೆ. ಅದಕ್ಕೇ ತಪ್ಪು ಮಾಹಿತಿಯನ್ನೇ ಆರಿಸಿದರು. ಅದಕ್ಕೆ ಹೊಂದೋ ಹಾಗೆ ಕಲ್ಲು ಕಿತ್ತರು, ಸುಳ್ಳು ಗುಂಡಿ ತೋಡಿದರು, ಬೀರೇಶನನ್ನು ಕೂಲಿಗೆ ಕರೆದು ಕಳ್ಳ ಮಾಡಿದರು. ಮಾಜಿ ಪೊಲೀಸರ ಬಾಯಲ್ಲೂ ಅದನ್ನೇ ಹೇಳಿಸೋಣ ಅಂತ ನನ್ನನ್ನೂ ಕರೆದರು."

ಕೆರೆ ಕಾಯಬೇಕಾದ ಅಧ್ಯಕ್ಷರು! ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಸದಾಶಿವಯ್ಯ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು. "ಕಲ್ಲು ಬಾವೀಲೈತೆ," ಎಂದರು. ದಂಡೆಯ ಮರಗಳಿಗೆ ಅವರಪ್ಪ ಬೇಸಿಗೆಯೆಲ್ಲ ಬಿಂದಿಗೆಯಲ್ಲಿ ನೀರು ಹೊತ್ತಿದ್ದರಂತೆ. ಕಣ್ಣೆದುರು ಅವುಗಳನ್ನು ಉರುಳಿಸುವುದನ್ನು ನೋಡಲಾರೆ ಎಂದು ಅತ್ತೇಬಿಟ್ಟರು.

ಸಾಹೇಬರಿಗೆ ಒಂದು ಮಾತ್ರ ಅರ್ಥವಾಗಲಿಲ್ಲ. "ಕಲ್ಲಿನ ಜೊತೆ ಈ ಸಾಲನ್ನೂ ಕಡಿಸಿದ್ದರೆ ಗುರುತೇ ಇರ್ತಿರಲಿಲ್ಲವಲ್ಲ?"

ಅಳುತ್ತಿದ್ದ ಸದಾಶಿವಯ್ಯ ಬೆಚ್ಚಿ ತಲೆ ಎತ್ತಿದರು. "ಫಲ ಬಿಡೋ ಮರಕ್ಕೆ ಕೊಡಲಿ ಹಾಕೋದುಂಟಾ ಸ್ವಾಮಿ? ಅದೂ ಗಂಗೆ ಮರಕ್ಕೆ?"

"ಮರಕ್ಕೆ ಕೊಡಲಿ ಹಾಕೋಕೆ ಕೈ ಬರ್ಲಿಲ್ಲ," ಎಂದಳು ಕೊಲ್ಲಾಪುರಮ್ಮ. "ನಮ್ಮ ಹಟ್ಟಿಗೆ ಹಾಕೋಕೆ ಹೆಂಗ್ ಬಂತು, ಅಣ್ಣಯ್ಯ?"

ಸಾಹೇಬರು ನಕ್ಷೆ ಮಡಚಿ ಬಸವಕುಮಾರನ ಕೈಗೆ ವಾಪಸ್ ಕೊಟ್ಟು, ನೆಲದ ಅಳತೆ ಹಿಡಿದು ಹೊಸದಾಗಿ ಮಾಡಿಕೊಂಡು ಬಾ, ಅಲ್ಲಿಯವರೆಗೆ ಹಟ್ಟಿಯ ಒಂದು ಹೆಂಚನ್ನೂ ಯಾರೂ ಮುಟ್ಟಕೂಡದು ಎಂದರು.

ಕೊಲ್ಲಾಪುರಮ್ಮನಿಗೆ ಅಷ್ಟು ಸಾಲಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಗಿದ ಸಾಲಿನ ಮೊದಲ ಮರದ ಬುಡದಲ್ಲಿ ಕಾಲು ಚಾಚಿ ಕೂತು, ಅಂಗೈಯಿಂದ ನೆಲ ತಟ್ಟಿದಳು.

"ಈಗ್ಲೇ ಗುರುತು ಹಾಕ್ಕೊಳಿ ಸ್ವಾಮಿ. ಗಂಗೆ ಇಲ್ಲೀಗಂಟ ಬಂದಿದ್ಲು. ನೀವು ಹಾಕೋಗಂಟ ನಾನು ಏಳಾಕಿಲ್ಲ."