ಎರಡು ಬೀಟ್ ಮುಂಚೆ

'ಬೇಸ್ ಗಿಟಾರ್ ಮಾರಾಟಕ್ಕಿದೆ' ಎಂದು ಬರೆದ ಚೀಟಿ ಹಿಡಿದು ರೆಕಾರ್ಡ್ ಅಂಗಡಿಗೆ ಬಂದ ಆ ಎತ್ತರದ ಮನುಷ್ಯನನ್ನು ಅಂಗಡಿ ನೋಡಿಕೊಳ್ಳುವ ವರ್ನೀಟಾ ಕೌಂಟರಿನಲ್ಲೇ ತಡೆದಳು.

"ಬೋರ್ಡಿಗೆ ಚುಚ್ಚೋದು ಆಮೇಲೆ. ಶನಿವಾರ ಇಲ್ಲಿಗೆ ಬಂದೋರು ಕಣ್ಮುಚ್ಚಿ ಒಂದು ರೆಕಾರ್ಡ್ ಕೇಳ್ಬೇಕು, ನುಡಿಸಿದ್ದು ಯಾರು ಅಂತ ಹೇಳ್ಬೇಕು. ಅಂಗಡಿ ಕಾನೂನು."

"ಯಾರು ಮಾಡಿದ ಕಾನೂನು?"

"ನಾನೇ. ಮುಚ್ಚು ಕಣ್ಣು."

ಅವನು ನಕ್ಕು ಕಣ್ಣು ಮುಚ್ಚಿದ. ಇಷ್ಟುದ್ದ ರೆಪ್ಪೆಯ ಗಂಡಸನ್ನು ಅವಳು ಷಿಕಾಗೋದ ದಕ್ಷಿಣ ಭಾಗದಲ್ಲೆಲ್ಲೂ ಕಂಡಿರಲಿಲ್ಲ.

ಅವಳು ಹಾಕಿದ್ದು ಎಪ್ಪತ್ತೆರಡರಲ್ಲಿ ಬಂದ, ತಾಮ್ರದ ಬಣ್ಣದ ಕವರಿನ ಆಲ್ಬಂ. ಜಾಝಿಗೆ ಕರೆಂಟು ಹರಿಸಿ ಕೆಡಿಸಿದರೆಂದು ಆಗ ಅವಳಪ್ಪ ಕೂಗಾಡಿದ್ದ. ಈಗ ಚರ್ಚಿನಿಂದ ಬಂದು ಟೈ ಬಿಚ್ಚುವ ಮೊದಲೇ ಅದನ್ನು ಹಾಕುತ್ತಾನೆ. ಎಲೆಕ್ಟ್ರಿಕ್ ಪಿಯಾನೋ ಹದವಾಗಿ ಕಾಯುತ್ತದೆ, ಡ್ರಮ್ಸ್ ಕುದಿಯುತ್ತದೆ, ಟ್ರಂಪೆಟ್ ತಡೆದು ತಡೆದು ಒಂದೇ ಮಾತು ಹೇಳುತ್ತದೆ. ಐದು ವರ್ಷದಲ್ಲಿ ವರ್ನೀಟಾ ಎರಡು ಪ್ರತಿ ಸವೆಸಿದ್ದಳು. ಕವರಿನ ಮೇಲೆ ತಂಡದ ನಾಯಕನ ಹೆಸರೊಂದೇ ಇತ್ತು.

ಅವನ ಮುಖ ಬಾಡಿತು. "ನಿಲ್ಸು. ಇದ್ರಲ್ಲಿ ತಪ್ಪಿದೆ."

"ತಪ್ಪಾ? ನಾಲಿಗೆ ಬಿಗಿಹಿಡಿದು ಮಾತಾಡು."

"ಈಗ ಬೇಸ್ ಎರಡು ಬೀಟ್ ಮುಂಚೆ ನುಗ್ಗುತ್ತೆ. ನಾಯಕ ಮತ್ತೆ ರೆಕಾರ್ಡ್ ಮಾಡೋದು ಬೇಡವೇ ಬೇಡ ಅಂದ."

"ನಿಂಗ್ಹೇಗೆ ಗೊತ್ತು?"

ಅವನು ಕಣ್ಣು ತೆರೆದ. "ನುಗ್ಗಿದ್ದು ನಾನೇ. ಕ್ಲೀಟಸ್. ನಾಚಿಕೆಯಾಗಿ ಇದನ್ನ ಇವತ್ತಿನವರೆಗೂ ಕೇಳಿಲ್ಲ. ನುಡಿಸೋದೂ ಬಿಟ್ಟೆ."

ವರ್ನೀಟಾ ಅವನ ಕೈಯನ್ನೇ ನೋಡಿದಳು. ಈ ಬೆರಳುಗಳು ಇನ್ನು ನುಡಿಸುವುದೇ ಇಲ್ಲವೇ ಎಂದು ಹೆದರಿಕೆಯಾಯಿತು. "ಪೂರ್ತಿ ಕೇಳು ಮಾರಾಯ," ಎಂದಳು.

ಬೇಸ್ ನುಗ್ಗಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಡ್ರಮ್ಸ್ ಅದರ ಬೆನ್ನು ಹತ್ತಿತು, ಟ್ರಂಪೆಟ್ ತಾನು ಹೇಳುತ್ತಿದ್ದುದನ್ನು ಬಿಟ್ಟು ಇತ್ತ ತಿರುಗಿತು. ಮುಂದಿನ ಹನ್ನೆರಡು ನಿಮಿಷ ಇಡೀ ತಂಡ ಅವನು ಹೋದ ದಾರಿಯಲ್ಲೇ ಓಡಿತು. ಕ್ಲೀಟಸನ ಬೆರಳು ತನ್ನಷ್ಟಕ್ಕೆ ತಾನೇ ಕೌಂಟರಿನ ಮೇಲೆ ಆಡತೊಡಗಿತ್ತು.

"ಎಲ್ಲರೂ ನನ್ನ ಹಿಂದೆ ಬಂದ್ರಾ?" ಅವನ ದನಿ ಒದ್ದೆಯಾಗಿತ್ತು.

"ಆವತ್ತು ನೀನು ತಲೆ ತಗ್ಗಿಸಿ ನುಡಿಸ್ತಿದ್ದೆ ಅನ್ಸುತ್ತೆ, ಅದಕ್ಕೇ ಕೇಳಿಸಿಲ್ಲ."

ಅವನು ಚೀಟಿಯನ್ನು ನಾಲ್ಕಾಗಿ ಹರಿದು ಜೇಬಿಗೆ ತುರುಕಿದ. "ಬಂದೋರಿಗೆಲ್ಲ ಇದನ್ನೇ ಹಾಕ್ತೀಯಾ?"

"ಇದೊಂದನ್ನೇ."

"ಯಾಕೆ?"

ಸುಳ್ಳು ಹೇಳಬಹುದಿತ್ತು, ಮನಸ್ಸು ಬರಲಿಲ್ಲ.

"ಬೇಸ್ ನುಡಿಸಿದೋನು ಯಾರಂತ ಒಬ್ಬರಾದ್ರೂ ಹೇಳ್ಲಿ ಅಂತ. ಐದು ವರ್ಷದಿಂದ ಅವನ ಮೇಲೇ ಮನಸ್ಸು. ಮುಖ ಮಾತ್ರ ನೋಡಿರ್ಲಿಲ್ಲ."

"ಈಗ ನೋಡಿದ್ಯಲ್ಲ?"

"ನೋಡ್ದೆ," ಎಂದಳು ವರ್ನೀಟಾ, ಕೆನ್ನೆಗೆ ಕೈಕೊಟ್ಟು. "ಈ ಹುಚ್ಚು ಇನ್ನು ವಾಸಿಯಾಗೋ ಹಾಗಿಲ್ಲ."