ಮಂಗಳವಾರ ಖಾಲಿಯಾಗುವ ಮನೆ

ಮಂಚ ಮೇಲೆ ಹತ್ತುತ್ತಿತ್ತು, ಹೆಣ ಕೆಳಗಿಳಿಯುತ್ತಿತ್ತು. ಮೆಟ್ಟಿಲಿನ ತಿರುವಿನಲ್ಲಿ ಎರಡೂ ಸಿಕ್ಕಿಕೊಂಡವು.

“ಸ್ವಲ್ಪ ಓರೆ ಮಾಡ್ರಪ್ಪಾ, ಕಾಲು ತಾಗುತ್ತೆ,” ಎಂದ ಮಂಚ ಹಿಡಿದವನು.

“ಯಾರ ಕಾಲು? ಮಂಚದ್ದೋ, ಇವರದ್ದೋ?” ಎಂದರು ಹೆಡ್ ಕಾನ್‌ಸ್ಟೇಬಲ್.

ಮೇಲೆ ಪಂಚನಾಮೆಗೆ ಸಹಿ ಹಾಕಿಸುತ್ತಿದ್ದ ಇನ್‌ಸ್ಪೆಕ್ಟರ್ ಹೊರಗೆ ಇಣುಕಿದರು. ಬೆಳಿಗ್ಗೆ ಎಂಟಕ್ಕೆ ಠಾಣೆಗೆ ದೂರು ಬಂದಿತ್ತು. ಮೇಲಿನ ಮನೆಯಲ್ಲಿ ಒಬ್ಬಳೇ ಇದ್ದ ಟೈಲರ್ ಹೆಂಗಸು ಸೋಮವಾರವಿಡೀ ಫೋನ್ ಎತ್ತಿರಲಿಲ್ಲ. ಅವಳ ತಮ್ಮ ಬಂದು ಬಾಗಿಲು ಒಡೆದಾಗ ಬಚ್ಚಲಲ್ಲಿ ಸತ್ತು ಬಿದ್ದಿದ್ದಳು. ಗ್ಯಾಸ್ ಗೀಸರ್, ಒಳಗಿನಿಂದ ಚಿಲಕ. ಅಸಹಜ ಸಾವು ಎಂದು ದಾಖಲಿಸಿ ಕೈತೊಳೆದುಕೊಳ್ಳಬಹುದಿತ್ತು.

“ಯಾರ್ರೀ ನೀವು?”

“ಹೊಸ ಬಾಡಿಗೆಯವರು ಸಾರ್. ಮಂಗಳವಾರ ಖಾಲಿಯಾಗುತ್ತೆ, ಸಾಮಾನು ತನ್ನಿ ಅಂದಿದ್ರು ಓನರ್.”

“ಯಾವಾಗ ಅಂದಿದ್ದು?”

“ಶನಿವಾರ.”

ಸತ್ತವಳ ತಮ್ಮ ಮುಂದೆ ನುಗ್ಗಿದ. “ಸುಳ್ಳು ಸಾರ್! ಕರಾರು ಇನ್ನೂ ಎರಡು ವರ್ಷ ಇದೆ. ಭಾನುವಾರ ಪೂರ್ತಿ ನಮ್ಮನೇಲಿದ್ಲು ಅಕ್ಕ. ಹೊಸ ಮೆಷಿನ್ ತಗೋತೀನಿ, ಕಿಟಕಿ ಹತ್ರ ಇಡ್ತೀನಿ ಅಂತ ಅದೇ ಮಾತು.”

ಓನರ್ ಎಳೆಯ. ಸೊಂಟದಲ್ಲಿ ಕೀಗೊಂಚಲು. “ಬಾಯಿಮಾತಲ್ಲಿ ಒಪ್ಪಿದ್ರು ಸಾರ್.”

“ಹೆಣ ಸಿಕ್ಕ ಮೇಲಾದ್ರೂ ಇವರಿಗೆ ಬರಬೇಡಿ ಅನ್ನಬಹುದಿತ್ತಲ್ಲ?” ಎಂದರು ಇನ್‌ಸ್ಪೆಕ್ಟರ್.

“ಒಂದಿನ ಖಾಲಿ ಬಿಟ್ರೂ ಕೈಕಚ್ಚುತ್ತೆ. ಬಚ್ಚಲು ತೊಳೆಸಿದ್ರೆ ಆಯ್ತಲ್ವಾ?”

ಇನ್‌ಸ್ಪೆಕ್ಟರ್ ಮತ್ತೆ ಬಚ್ಚಲಿಗೆ ಹೋದರು. ಗೋಡೆಯ ಮೇಲ್ಭಾಗದಲ್ಲಿ ಗೇಣಗಲದ ಗಾರೆ ಇನ್ನೂ ಹಸಿಯಾಗಿತ್ತು.

“ಇಲ್ಲೇನಿತ್ತು?”

“ಕಿಂಡಿ. ಪಾರಿವಾಳ ಬರ್ತಿತ್ತು. ಭಾನುವಾರ ಮುಚ್ಚಿಸಿದೆ.”

“ಗೀಸರ್ ಇರೋ ಬಚ್ಚಲಿಗೆ ಗಾಳಿ ಬೇಕು ಅಂತ ಗೊತ್ತಿರ್ಲಿಲ್ವಾ?”

“ನನಗೇನ್ ಗೊತ್ತು ಸಾರ್? ಇದು ನನ್ನ ಮೊದಲನೇ ಬಿಲ್ಡಿಂಗು. ಇನ್ನೂ ಕಲೀತಿದೀನಿ.”

ಗೊತ್ತಿರಲಿಲ್ಲ ಎಂದಾದರೆ ನಿರ್ಲಕ್ಷ್ಯ; ನಾಳೆಯೇ ಜಾಮೀನು. ಗೊತ್ತಿತ್ತು ಎಂದಾದರೆ ಕೊಲೆ.

ಕೆಳಗಿನ ಮನೆಯಲ್ಲಿ ಓನರನ ತಾಯಿ ಪೊಲೀಸರಿಗೆ ನೀರು ಕೊಟ್ಟಳು. ಇನ್‌ಸ್ಪೆಕ್ಟರ್ ಅವಳ ಬಚ್ಚಲು ನೋಡಿದರು. ಇಲ್ಲಿಯೂ ಅದೇ ಗೀಸರ್, ಮೇಲೊಂದು ಪುಟ್ಟ ಫ್ಯಾನು.

“ಇದು ಯಾವಾಗ ಹಾಕಿಸಿದ್ದು, ತಾಯಿ?”

“ಮೊನ್ನೆ ಭಾನುವಾರ. ಹೋದ ತಿಂಗಳು ಸ್ನಾನ ಮಾಡುವಾಗ ತಲೆ ತಿರುಗಿ ಬಿದ್ದೆ ನೋಡಿ. ಗೀಸರ್ ಗಾಳಿ ಕುಡಿದಿದೀರಿ, ಇನ್ನು ಸ್ವಲ್ಪದರಲ್ಲಿ ಹೋಗ್ತಿದ್ರಿ ಅಂತ ಡಾಕ್ಟರು ಇವನಿಗೇ ಬೈದ್ರು. ತಾನೇ ನಿಂತು ಹಾಕಿಸ್ದ. ಚಿನ್ನದಂಥ ಮಗ.”

“ಹೊಸ ಫ್ಯಾನಾ?”

“ಹೊಸದೇ ಅಂದ.”

ಇನ್‌ಸ್ಪೆಕ್ಟರ್ ಸ್ಟೂಲ್ ಹತ್ತಿ ಪೆನ್ನಿನಿಂದ ಫ್ಯಾನಿನ ರೆಕ್ಕೆ ಕೆರೆದರು. ಕೆಂಪು, ಹಳದಿ, ನೀಲಿ ನೂಲಿನ ಚೂರುಗಳು ಜಿಡ್ಡಿನಲ್ಲಿ ಹೆಪ್ಪುಗಟ್ಟಿ ಉಂಡೆಯಾಗಿದ್ದವು.

“ನಿಮ್ಮನೇಲಿ ಯಾರಾದ್ರೂ ಬಟ್ಟೆ ಹೊಲೀತಾರಾ?”

“ಇಲ್ಲಪ್ಪ. ಮೇಲಿನವಳು…”

ಆಕೆ ಪೆನ್ನಿನ ತುದಿಯ ಉಂಡೆಯಿಂದ ಒಂದು ನೂಲು ಎಳೆದು ನೋಡಿದಳು.

ಫ್ಯಾನನ್ನು ಬಿಚ್ಚಿ ವಶಪಡಿಸಿಕೊಂಡರು. ಮೇಲಿನ ಮನೆಯ ಗಾರೆ ಒಡೆಸಿ ಹಿಡಿದಾಗ ಅದು ಕಿಂಡಿಗೆ ಸರಿಯಾಗಿ ಕೂತಿತು. ಮರಣೋತ್ತರ ಪರೀಕ್ಷೆ ವಿಷಾನಿಲ ಎಂದಿತು. ಸಂಜೆ ಕೊಲೆಯ ಎಫ್‌ಐಆರ್ ಆಯಿತು. ಹೇಳಿಕೆಯಲ್ಲಿ ಓನರ್ ಏನನ್ನೂ ಮುಚ್ಚಿಡಲಿಲ್ಲ. ಅವನ ಜೊತೆಗೇ ಬಾಡಿಗೆ ವ್ಯವಹಾರ ಶುರು ಮಾಡಿದ್ದ ಗೆಳೆಯ ಆಗಲೇ ಮೂರನೇ ಕಟ್ಟಡ ಕಟ್ಟಿಸುತ್ತಿದ್ದ. ಮೇಲಿನ ಮನೆಯ ಹಳೇ ಬಾಡಿಗೆಯಲ್ಲಿ ಇವನ ಎರಡನೆಯದು ಎಲ್ಲಿ ಹುಟ್ಟಬೇಕು? ಖಾಲಿ ಮಾಡಿ ಎಂದು ಮೂರು ಸಲ ಕೇಳಿದ್ದ. ಮೂರು ಸಲವೂ ಅವಳು ಮೆಷಿನ್ ನಿಲ್ಲಿಸದೆಯೇ ಇಲ್ಲವೆಂದು ತಲೆಯಾಡಿಸಿದ್ದಳು.

ಜೀಪು ಹತ್ತುವ ಮುನ್ನ ಅವನು ಕೀಗೊಂಚಲು ಬಿಚ್ಚಿ ತಾಯಿಯತ್ತ ಚಾಚಿದ. ಹೊಸ ಬಾಡಿಗೆಯವರು ಇನ್ನೂ ರಸ್ತೆಯಲ್ಲಿ ತಮ್ಮ ಮಂಚದ ಮೇಲೆಯೇ ಕೂತಿದ್ದರು.

“ಪೊಲೀಸ್ನೋರು ಬೀಗ ತೆಗೆದ ತಕ್ಷಣ ಮನೆ ಇವರಿಗೇ ಕೊಟ್ಬಿಡಮ್ಮ. ಇನ್ಮೇಲೆ ಎಲ್ಲಾ ನಿಂದೇ. ನಿನಗೋಸ್ಕರಾನೇ ತಾನೇ ಆ ಫ್ಯಾನು…”

ತಾಯಿ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡಳು.

“ಬೇಡ.”